ಶುಗರ್ ಮೆಷಿನ್ 'ಇಲ್ಲ' ಅಂದರೂ ಗೊರಸು 'ಹೌದು' ಅನ್ನುತ್ತಿದೆ

ಪ್ರಶ್ನೆ: ಕಲಬುರಗಿಯ ಆಳಂದ ರಸ್ತೆಯಲ್ಲಿ ನಮ್ಮ ಮನೆ. ಲಗ್ನದ ಮೆರವಣಿಗೆಗೆ ಕೊಡಲು ಎರಡು ಕುದುರೆ ಸಾಕಿದ್ದೇವೆ. ಬಿಳಿ ಹೆಣ್ಣು ಕುದುರೆಗೆ 11 ವರ್ಷ. ದಸರಾ ಆದಮೇಲೆ ಮುಂದಿನ ಕಾಲು ಊರಲು ಹಿಂದೇಟು ಹಾಕುತ್ತಿದೆ, ತಿರುಗುವಾಗಂತೂ ತುಂಬ ಕಷ್ಟಪಡುತ್ತದೆ. ಕತ್ತಿನ ಮೇಲೆ, ಜೂಲಿನ ಬುಡದಲ್ಲಿ ಗಟ್ಟಿ ಕೊಬ್ಬು ಬಂದಿದೆ. ದಿನಕ್ಕೆ ಎರಡೂವರೆ ಕೆಜಿ ಕಡಲೆ, ಎರಡು ಕೆಜಿ ಗೋಧಿ ಬೂಸಾ, ಅರ್ಧ ಕೆಜಿ ಬೆಲ್ಲ ಕೊಡುತ್ತೇವೆ. ಮಳೆ ಶುರುವಾದಾಗಿನಿಂದ ಹೊಲದ ಹಸಿ ಹುಲ್ಲು ಬೇಕಾದಷ್ಟು. ಗೊರಸಿನಲ್ಲಿ ಉಂಗುರ ಬಿದ್ದಿವೆ ಅಂತ ಲಾಳ ಹೊಡೆಯುವ ನಾಲ್‌ಬಂದ್ ಹೇಳಿದ. ಪರಿಚಯದವರೊಬ್ಬರು ಇದು ಸಕ್ಕರೆ ಕಾಯಿಲೆ, ಮೂರು ದಿನ ಉಪವಾಸ ಹಾಕಿ ಅಂದರು. ಅಪ್ಪನ ಶುಗರ್ ಮೆಷಿನ್‌ನಲ್ಲಿ ನೋಡಿದೆವು, 98 ಬಂತು. ಹಾಗಾದರೆ ಶುಗರ್ ಇಲ್ಲ ಅಲ್ವಾ? ತುಳಸಿ ಲಗ್ನ ಆದಕೂಡಲೇ ಬುಕಿಂಗ್ ಇವೆ. ಇನ್ನೊಂದು ಗಂಡು ಕುದುರೆ ತೆಳ್ಳಗೇ ಇದೆ. ಅದಕ್ಕೂ ಇದೇ ದಾಣಿ. ಏನು ಮಾಡಲಿ?

ಉತ್ತರ: ಮೊದಲು ಇವತ್ತಿನ ಕೆಲಸ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಉಪವಾಸ ಬೇಡ, ಒಂದು ದಿನವೂ ಬೇಡ. ಕಡಲೆ, ಬೂಸಾ, ಬೆಲ್ಲ ಮೂರೂ ಇವತ್ತು ಸಂಜೆಯಿಂದ ಬಂದ್. ಒಣ ಹುಲ್ಲು ಮಾತ್ರ ಕೊಡಿ. ಹೊಲಕ್ಕೆ ಬಿಡಬೇಡಿ. ನಡೆದರೆ ಕಾಲು ಸಡಿಲ ಆಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ನಡೆಸಲೇಬೇಡಿ. ಪಶುವೈದ್ಯರನ್ನು ಮನೆಗೇ ಕರೆಸಿ. ಈ ಸ್ಥಿತಿಯಲ್ಲಿ ಟೆಂಪೋ ಹತ್ತಿಸಿ ಬೀದರಿಗೋ ಇನ್ನೆಲ್ಲಿಗೋ ಒಯ್ದರೆ ದಾರಿಯುದ್ದಕ್ಕೂ ಅದು ನೋಯುವ ಕಾಲಿನ ಮೇಲೇ ನಿಲ್ಲಬೇಕು.

ಇನ್ನೊಂದು ಮಾತು. ನಿಮ್ಮ ಲಾಯದ ನೆಲ ಶಹಾಬಾದ್ ಫರಸಿಯದ್ದೇ ಇರಬೇಕು ಅಂತ ನನ್ನ ಅಂದಾಜು. ನಮ್ಮ ಕಡೆ ಬಹಳಷ್ಟು ಮನೆಗಳಲ್ಲಿ ಅದೇ ಇರುತ್ತದೆ. ತೊಳೆಯಲು ಚೆನ್ನ, ನೋಯುವ ಗೊರಸಿಗೆ ಮಾತ್ರ ಅದು ಶಿಕ್ಷೆ. ಅರ್ಧ ಅಡಿಗೂ ಜಾಸ್ತಿ ದಪ್ಪಕ್ಕೆ ಮರಳೋ ಮರದ ಪುಡಿಯೋ ಹರಡಿ. ಮರಳು ಹಾಕಿದರೆ ಹುಲ್ಲನ್ನು ನೆಲಕ್ಕೆ ಹಾಕಬೇಡಿ, ಬುಟ್ಟಿಯಲ್ಲೋ ಟಬ್ಬಿನಲ್ಲೋ ಕೊಡಿ. ಹುಲ್ಲಿನ ಜತೆ ಮರಳು ಹೊಟ್ಟೆಗೆ ಹೋದರೆ ಹೊಟ್ಟೆಶೂಲೆಯ ಹೊಸ ತಲೆನೋವು. ವೈದ್ಯರು ಬರುವ ತನಕ ಮುಂಗಾಲುಗಳನ್ನು ಐಸ್ ಹಾಕಿದ ನೀರಿನ ಬಕೆಟ್‌ನಲ್ಲಿ ಇಡಲು ಆದರೆ ಇಡಿ.

ಈಗ ಆ 98ರ ವಿಷಯ. ಮೆಷಿನ್ ಸುಳ್ಳು ಹೇಳಿಲ್ಲ. ಕುದುರೆಯ ರಕ್ತದಲ್ಲಿ ಸಕ್ಕರೆ ಹೆಚ್ಚುಕಡಿಮೆ 75ರಿಂದ 115ರ ಒಳಗೆ ಇರುವುದೇ ಸರಿ. ಆದರೆ ಆ ಮೆಷಿನ್ ನೋಡುವುದು ಸಕ್ಕರೆಯನ್ನು. ನಿಮ್ಮ ಕುದುರೆಯ ತೊಂದರೆ ಇರುವುದು ಆ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್‌ನಲ್ಲಿ.

ಮನುಷ್ಯರಲ್ಲಿ ಏನಾಗುತ್ತದೆ? ಮೈ ಇನ್ಸುಲಿನ್ ಮಾತು ಕೇಳುವುದು ಬಿಡುತ್ತದೆ. ಮೇದೋಜೀರಕ ಗ್ರಂಥಿ ಜಾಸ್ತಿ ಜಾಸ್ತಿ ಇನ್ಸುಲಿನ್ ಸುರಿಸಿ ಸುರಿಸಿ ಸೋಲುತ್ತದೆ. ಆಗ ರಕ್ತದಲ್ಲಿ ಸಕ್ಕರೆ ಏರುತ್ತದೆ, ಮೆಷಿನ್‌ಗೆ ಸಿಗುತ್ತದೆ. ಕುದುರೆಯ ಗ್ರಂಥಿ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ವರ್ಷಗಟ್ಟಲೆ ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಸಕ್ಕರೆ ಹತೋಟಿಯಲ್ಲೇ ಇರುತ್ತದೆ, ಮೆಷಿನ್ ಎಲ್ಲ ಚೆನ್ನಾಗಿದೆ ಅನ್ನುತ್ತದೆ. ಕೆಡುಕು ಮಾಡುವುದು ಆ ಮಿತಿಮೀರಿದ ಇನ್ಸುಲಿನ್ನೇ. 2007ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಆರೋಗ್ಯವಾಗಿದ್ದ ಪೋನಿಗಳಿಗೆ (ಗಿಡ್ಡ ಜಾತಿಯ ಕುದುರೆಗಳಿಗೆ) ರಕ್ತನಾಳದ ಮೂಲಕ ಇನ್ಸುಲಿನ್ ಹರಿಸಿದರು. ಜತೆಗೆ ಗ್ಲೂಕೋಸ್ ಕೊಟ್ಟು ಸಕ್ಕರೆ ಏರುಪೇರಾಗದಂತೆ ನೋಡಿಕೊಂಡರು. ಮೂರು ದಿನದೊಳಗೆ ಆ ಪೋನಿಗಳ ಗೊರಸು ಕೆಟ್ಟವು. ಧಾನ್ಯ ಕದ್ದು ತಿಂದಿರಲಿಲ್ಲ, ಜ್ವರ ಬಂದಿರಲಿಲ್ಲ. ಬರೀ ಇನ್ಸುಲಿನ್.

ಗೊರಸಿಗೂ ಇನ್ಸುಲಿನ್‌ಗೂ ಏನು ಸಂಬಂಧ ಅಂತ ಕೇಳುತ್ತೀರಿ. ಗೊರಸಿನೊಳಗೆ ಒಂದು ಮೂಳೆ ಇದೆ. ಅದು ಗೊರಸಿನ ಗೋಡೆಗೆ ನೇತುಬಿದ್ದ ಹಾಗೆ ಅಂಟಿಕೊಂಡಿರುತ್ತದೆ. ಅಣಬೆಯ ಕೊಡೆಯನ್ನು ತಿರುಗಿಸಿ ನೋಡಿದ್ದೀರಲ್ಲ, ಕೆಳಗೆ ತೆಳ್ಳನೆಯ ಎಸಳು ಎಸಳು ಇರುತ್ತವೆ. ಮೂಳೆಯ ಕಡೆಯಿಂದ ಅಂಥ ಎಸಳು, ಗೋಡೆಯ ಕಡೆಯಿಂದ ಅಂಥದೇ ಎಸಳು, ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಇಡೀ ಕುದುರೆಯ ಭಾರ ಈ ಹೆಣಿಗೆಯ ಮೇಲೆ. ಇನ್ಸುಲಿನ್ ಬಹಳ ಹೊತ್ತು ಏರಿಯೇ ಇದ್ದರೆ ಈ ಎಸಳುಗಳು ಹಿಗ್ಗಿ ಜಗ್ಗುತ್ತವೆ. ಹಿಡಿತ ಸಡಿಲವಾಗುತ್ತದೆ. ಜಾಸ್ತಿಯಾದರೆ ಮೂಳೆ ತಿರುಗಿ ಅಂಗಾಲಿನ ಕಡೆ ಇಳಿಯುತ್ತದೆ. ಇದಕ್ಕೆ ಲ್ಯಾಮಿನೈಟಿಸ್ ಅನ್ನುತ್ತಾರೆ. ದಪ್ಪಗಾಗುವುದು, ಕತ್ತಿನ ಕೊಬ್ಬು, ಏರಿದ ಇನ್ಸುಲಿನ್, ಕೆಡುವ ಗೊರಸು ಇವೆಲ್ಲ ಒಟ್ಟಿಗೆ ಬಂದರೆ ಈಕ್ವೈನ್ ಮೆಟಬಾಲಿಕ್ ಸಿಂಡ್ರೋಮ್. ನಿಮ್ಮ ಪತ್ರದಲ್ಲಿ ಇನ್ಸುಲಿನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಇದೆ.

ನೀವೇ ನೋಡಿಕೊಳ್ಳಬಹುದಾದ ಎರಡು ಗುರುತು ಹೇಳುತ್ತೇನೆ. ಮುಂಗಾಲಿನ ಗೊರಸಿನ ಮೇಲಿನ ಗಂಟಿದೆಯಲ್ಲ, ಅದರ ಹಿಂಬದಿಯ ಎರಡೂ ಪಕ್ಕಕ್ಕೆ ಬೆರಳ ತುದಿ ಹಗುರವಾಗಿ ಇಡಿ. ಆರೋಗ್ಯದ ಕುದುರೆಯಲ್ಲಿ ಅಲ್ಲಿ ನಾಡಿ ಹುಡುಕುವುದೇ ಕಷ್ಟ. ಲ್ಯಾಮಿನೈಟಿಸ್ ಇದ್ದರೆ ಬೆರಳಿಗೆ ಟಕ್ ಟಕ್ ಅಂತ ಬಡಿಯುತ್ತದೆ. ತೆಳ್ಳಗಿರುವ ಇನ್ನೊಂದು ಕುದುರೆಯ ಕಾಲನ್ನು ಮೊದಲು ಮುಟ್ಟಿ ನೋಡಿ, ಆಮೇಲೆ ಇದರದ್ದು ಮುಟ್ಟಿ. ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಎರಡನೆಯದು ಆ ಉಂಗುರಗಳು. ನಿಮ್ಮ ನಾಲ್‌ಬಂದ್ ಕಣ್ಣು ಚುರುಕಾಗಿದೆ, ಅವನನ್ನು ಬಿಡಬೇಡಿ. ಉಂಗುರಗಳ ನಡುವಿನ ಅಂತರ ಗೊರಸಿನ ಮುಂದೆ ಕಡಿಮೆ, ಹಿಮ್ಮಡಿಯ ಕಡೆ ಅಗಲ ಇದ್ದರೆ ಅದು ಲ್ಯಾಮಿನೈಟಿಸ್ ಬಿಟ್ಟುಹೋದ ಗೆರೆ. ಗೊರಸು ತಿಂಗಳಿಗೆ ಹೆಚ್ಚುಕಡಿಮೆ 8ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಕೂದಲು ಮುಗಿದು ಗೊರಸು ಶುರುವಾಗುವ ಜಾಗದಿಂದ ಒಂದು ಸ್ಕೇಲ್ ಇಟ್ಟು ಅಳೆಯಿರಿ. ಮೂರು ಸೆಂಟಿಮೀಟರ್ ಕೆಳಗೆ ಉಂಗುರ ಇದ್ದರೆ ಅದು ಬಿದ್ದು ಮೂರು ನಾಲ್ಕು ತಿಂಗಳಾಯಿತು. ಅಂದರೆ ಆಷಾಢ, ಶ್ರಾವಣ. ದಸರಾಕ್ಕೆ ನಿಮಗೆ ಕಂಡ ನೋವು ಆಗಲೇ ಒಳಗೊಳಗೆ ಶುರುವಾಗಿತ್ತು ಅಂತ ಅರ್ಥ. ಇನ್ನೂ ಕೆಳಗೆ, ಆರೇಳು ಸೆಂಟಿಮೀಟರ್ ಹತ್ತಿರ ಮತ್ತೊಂದು ಉಂಗುರ ಕಂಡರೆ ನನಗೆ ಬರೆದು ತಿಳಿಸಿ. ಹಾಗಿದ್ದರೆ ಹೋದ ಸೀಸನ್ನಿನ ಕೆಲಸದ ನಡುವೆಯೇ ಒಂದು ಸಲ ಆಗಿಹೋಗಿದೆ.

ಆಷಾಢವೇ ಯಾಕೆ? ನಿಮ್ಮ ಕಸುಬಿನ ಕ್ಯಾಲೆಂಡರ್ ನೋಡಿ. ತುಳಸಿ ಲಗ್ನದಿಂದ ಜೂನ್ ತನಕ ಮೆರವಣಿಗೆ, ರಾತ್ರಿಯೆಲ್ಲ ಬ್ಯಾಂಡಿನ ಮುಂದೆ ಕುಣಿತ, ನಡಿಗೆ. ಆಷಾಢ ಬಂತು, ಲಗ್ನ ನಿಂತವು. ಕುದುರೆ ಲಾಯದಲ್ಲಿ ನಿಂತಿತು. ದಾಣಿ ಮಾತ್ರ ನಿಲ್ಲಲಿಲ್ಲ. ಅದೇ ಹೊತ್ತಿಗೆ ಮಳೆ ಬಿದ್ದು ಬದುವಿನ ಮೇಲೆ ಎಳೆ ಹುಲ್ಲು ಎದ್ದಿತು. ಕೆಲಸ ಸೊನ್ನೆ, ಊಟ ಒಂದೂವರೆ ಪಟ್ಟು.

ಲೆಕ್ಕ ಹಾಕಿ ತೋರಿಸುತ್ತೇನೆ. ಕೆಲಸವಿಲ್ಲದ 350 ಕೆಜಿ ಕುದುರೆಗೆ ದಿನಕ್ಕೆ ಸುಮಾರು 11,500 ಕಿಲೋ ಕ್ಯಾಲೊರಿ ಸಾಕು. ಎರಡೂವರೆ ಕೆಜಿ ಕಡಲೆಯಿಂದಲೇ ಎಂಟೊಂಬತ್ತು ಸಾವಿರ ಬರುತ್ತದೆ. ಬೂಸಾದಿಂದ ಐದಾರು ಸಾವಿರ. ಬೆಲ್ಲದಿಂದ ಎರಡು ಸಾವಿರದ ಹತ್ತಿರ. ಒಂದು ಎಸಳು ಹುಲ್ಲು ಮುಟ್ಟುವ ಮೊದಲೇ ಅದರ ದಿನದ ಊಟ ಮುಗಿದು ಮೇಲೆ ಮಿಕ್ಕಿದೆ. ಆಮೇಲೆ ಹೊಟ್ಟೆ ತುಂಬ ಹಸಿ ಹುಲ್ಲು. ಸಾಲದ್ದಕ್ಕೆ ಲಗ್ನದ ಮನೆಯಲ್ಲಿ ಬೀಗರು ಪ್ರೀತಿಯಿಂದ ಬಾಯಿಗೆ ಇಡುವ ಪೇಢಾ, ಬೂಂದಿ ಲಾಡು. ಬೇಡ ಅನ್ನುವುದು ಕಷ್ಟ, ಗೊತ್ತು. ಬಾಯಿಗೆ ಏನೂ ಕೊಡಬೇಡಿ, ಕಚ್ಚುತ್ತದೆ ಅಂತ ಹೇಳಿಬಿಡಿ. ನಾನು ಎಲ್ಲರಿಗೂ ಈ ಸುಳ್ಳನ್ನೇ ಕಲಿಸಿಕೊಡುತ್ತೇನೆ.

ಕಡಲೆ, ಬೆಲ್ಲ ನಮ್ಮ ಹಿರಿಯರು ಕೊಡುತ್ತಿರಲಿಲ್ವಾ ಅಂತ ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಕೊಡುತ್ತಿದ್ದರು. ಬೀದರ ಬಹಮನಿಗಳ ರಾಜಧಾನಿಯಾಗಿದ್ದಾಗ, 15ನೇ ಶತಮಾನದಲ್ಲಿ, ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಅಲ್ಲಿಗೆ ಬಂದಿದ್ದ. ಹಡಗಿನಲ್ಲಿ ತಂದ ಗಂಡು ಕುದುರೆಯೊಂದನ್ನು ಬೀದರಿನಲ್ಲೇ ಮಾರಿದ. ಇಲ್ಲಿಯ ಜನ ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ಮತ್ತು ಬೆಣ್ಣೆ ಹಾಕಿ ಖಿಚಡಿ ಬೇಯಿಸಿ ಕೊಡುತ್ತಾರೆ ಅಂತ ಅವನು ಬರೆದಿಟ್ಟಿದ್ದಾನೆ. ನಿಮ್ಮ ಆಳಂದದ ಜಾತ್ರೆಯ ಮಾತೂ ಅದರಲ್ಲಿದೆ. ಹತ್ತು ದಿನದ ಸಂತೆ, ಮಾರಾಟಕ್ಕೆ 20,000ದ ತನಕ ಕುದುರೆಗಳು. ಅಂದರೆ ಈ ದಾಣಿ ನಮ್ಮ ನೆಲದಲ್ಲಿ ಐನೂರು ವರ್ಷಕ್ಕೂ ಹಳೆಯದು. ಆದರೆ ಅವು ದಂಡಿನ ಕುದುರೆಗಳು. ಮೈಮೇಲೆ ಸವಾರ, ಆಯುಧ, ಎದುರಿಗೆ ಹರದಾರಿಗಟ್ಟಲೆ ದಾರಿ. ತಿಂದದ್ದು ಸಂಜೆಯೊಳಗೆ ಕರಗುತ್ತಿತ್ತು. ಹತ್ತಿಪ್ಪತ್ತು ವರ್ಷದ ಹಿಂದಿನ ಟಾಂಗಾ ಕುದುರೆಯದ್ದೂ ಅದೇ ಕಥೆ. ಸ್ಟೇಷನ್ನಿನಿಂದ ದರ್ಗಾಕ್ಕೆ, ದರ್ಗಾದಿಂದ ಗಂಜ್‌ಗೆ ಇಡೀ ದಿನ ಓಡಾಟ. ಅಂಥ ಕುದುರೆಗೆ ಕತ್ತಿನ ಕೊಬ್ಬು ಬಂದದ್ದು ನಾನು ನೋಡಿಲ್ಲ. ಸೊರಗಿದ್ದು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು ಸಂಗತಿಯೂ ಇದೆ. ಭೀಮಾ ತೀರದ ಹೆಸರನ್ನೇ ಹೊತ್ತ ಭೀಮಥಡಿಯಂಥ ದಖ್ಖನಿನ ಸಣ್ಣ ಕುದುರೆಗಳು, ಪೋನಿಗಳು, ಕತ್ತೆಗಳು ಕಡಿಮೆ ಮೇವಿನಲ್ಲಿ ಬದುಕಿ ಬಂದ ಜೀವಗಳು. ಬರಗಾಲದಲ್ಲಿ ಅದು ವರ. ಕಡಲೆಯ ಬುಟ್ಟಿ ಮುಂದಿದ್ದರೆ ಅದೇ ಗುಣ ತಿರುಗಿ ಬೀಳುತ್ತದೆ. ನಿಮ್ಮದರಲ್ಲಿ ಯಾವ ರಕ್ತ ಎಷ್ಟಿದೆಯೋ, ಸ್ವಲ್ಪ ತಿಂದರೂ ಮೈ ಹಿಡಿಯುವ ಜಾತಿ ಅನ್ನುವುದು ಕಾಣುತ್ತಿದೆ. ಅದೇ ದಾಣಿ ತಿಂದ ಗಂಡು ಕುದುರೆ ತೆಳ್ಳಗೇ ಇದೆಯಲ್ಲ.

ಈಗ ಊಟದ ಕೆಲಸ. ಮೊದಲು ತೂಕ. ಕಾಟಾ ಬೇಡ, ಒಂದು ಹಗ್ಗ ಸಾಕು. ಮುಂಗಾಲಿನ ಮೊಣಕೈಗೆ ಹಿಂದೆ, ಬೆನ್ನಿನ ಉಬ್ಬಿನ ಮೇಲಿಂದ ಎದೆಯ ಸುತ್ತ ಹಗ್ಗ ಸುತ್ತಿ ಗುರುತು ಹಾಕಿ, ಟೇಪಿನಲ್ಲಿ ಅಳೆಯಿರಿ. ಆಮೇಲೆ ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯ ತನಕ ಉದ್ದ ಅಳೆಯಿರಿ. ಎರಡೂ ಸೆಂಟಿಮೀಟರ್‌ನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕೆಜಿ. ಸುತ್ತಳತೆ 168, ಉದ್ದ 150 ಅಂದುಕೊಳ್ಳಿ. 356 ಕೆಜಿ ಬರುತ್ತದೆ. ಸ್ವಲ್ಪ ಹೆಚ್ಚುಕಡಿಮೆ ಆದರೂ ಪರವಾಗಿಲ್ಲ. ಹದಿನೈದು ದಿನಕ್ಕೊಮ್ಮೆ ಅದೇ ಕೈ, ಅದೇ ಜಾಗ, ಅದೇ ಹೊತ್ತಿಗೆ ಅಳೆದು ಗೋಡೆ ಮೇಲೆ ಬರೆದಿಡಿ.

ಪಕ್ಕೆಲುಬನ್ನೂ ಮುಟ್ಟಿ ನೋಡಿ. ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಬೆರಳಾಡಿಸಿ. ಪಕ್ಕೆ ಹಾಗೆ ಸಿಕ್ಕರೆ ಕುದುರೆ ಸೊರಗಿದೆ. ಕೈ ಬಿಡಿಸಿ ಅಂಗೈ ಹಿಂಭಾಗದ ಮೂಳೆಗಳನ್ನು ಸವರಿ, ಹಾಗೆ ಸಿಕ್ಕರೆ ಸರಿಯಾಗಿದೆ. ಹೆಬ್ಬೆರಳ ಬುಡದ ಮೆತ್ತನೆ ಜಾಗದ ಹಾಗೆ ಅನಿಸಿದರೆ ಬೊಜ್ಜು. ಮೆರವಣಿಗೆ ಕುದುರೆ ಸಾಕುವವರು ನನಗೆ ಪ್ರತಿಸಲ ಹೇಳುವ ಮಾತು ಒಂದೇ. "ಸಾಹೇಬ್ರ, ಕುದುರಿ ದಪ್ಪ ಇದ್ರನ ಚೊಲೋ ಕಾಣ್ತದ್ರಿ." ಕಾಣುತ್ತದೆ, ನಿಜ. ಮೇಲೆ ಜರಿಯ ಹೊದಿಕೆ ಹಾಕಿದಮೇಲೆ ಪಕ್ಕೆ ಯಾರಿಗೆ ಕಾಣುತ್ತದೆ ಹೇಳಿ?

356 ಕೆಜಿಯ ಕುದುರೆ ಇಳಿಯಬೇಕಾದರೆ ದಿನಕ್ಕೆ ಅದರ ತೂಕದ ನೂರಕ್ಕೆ ಒಂದೂವರೆ ಪಾಲು ಒಣ ಮೇವು. ಒಣ ಹುಲ್ಲಿನಲ್ಲೂ ಸ್ವಲ್ಪ ನೀರಿನಂಶ ಇರುವುದರಿಂದ ತೂಗಿ 6 ಕೆಜಿ ಅಂತ ಇಟ್ಟುಕೊಳ್ಳಿ. ಒಂದು ಹೊರೆ, ಎರಡು ತೆಕ್ಕೆ ಅನ್ನುವ ಲೆಕ್ಕ ಬೇಡ. ಕೊಕ್ಕೆ ತಕ್ಕಡಿ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ತೂಗಿ. ತೂಗಿದಮೇಲೆ ಗೊತ್ತಾಗುತ್ತದೆ, ನಮ್ಮ ತೆಕ್ಕೆ ಎಷ್ಟು ದೊಡ್ಡದು ಅಂತ.

ಆ 6 ಕೆಜಿಯಲ್ಲಿ ಹೆಚ್ಚಿನ ಪಾಲು ಬಲಿತು ಒಣಗಿದ ಹುಲ್ಲಿರಲಿ. ಗರಿಕೆಯೋ, ಬದುವಿನ ಹುಲ್ಲೋ ಆದೀತು. ಮೂರನೇ ಒಂದು ಪಾಲಿನ ತನಕ ಜೋಳದ ಕಣಿಕಿ ಸಣ್ಣಗೆ ಕತ್ತರಿಸಿ ಬೆರೆಸಬಹುದು. ಅದಕ್ಕಿಂತ ಜಾಸ್ತಿ ಬೇಡ. ದಪ್ಪ ದಂಟು ಕರುಳಿನಲ್ಲಿ ಕಟ್ಟಿಕೊಳ್ಳುತ್ತದೆ, ಅದರಲ್ಲೂ ನೀರು ಕಡಿಮೆ ಕುಡಿದ ದಿನ. ಹಸಿ ಜೋಳದ ಪೈರು ಮಾತ್ರ ಬೇಡವೇ ಬೇಡ. ಎಳೆ ಜೋಳದ ವಿಷ ದನಕ್ಕೆ ಗೊತ್ತಿದ್ದದ್ದೇ. ಕುದುರೆಗೆ ಅದು ಮೂತ್ರಕೋಶವನ್ನೂ ಹಿಂಗಾಲಿನ ನರವನ್ನೂ ಕೆಡಿಸುತ್ತದೆ. ಬೀದರ ಕಡೆಯ ಓದುಗರಿಗೆ ಒಂದು ಮಾತು: ಕಬ್ಬು ಕಟಾವಿನ ಹೊತ್ತಿಗೆ ಪುಕ್ಕಟೆ ಸಿಗುವ ಕಬ್ಬಿನ ತುದಿ ಇಂಥ ಕುದುರೆಗೆ ಸೇರಿದ್ದಲ್ಲ. ಎಮ್ಮೆಗೆ ಹಾಕಿ. ಕಲಬುರಗಿಯಲ್ಲಿ ದಾಲ್ ಮಿಲ್ಲಿನಿಂದ ತರುವ ತೊಗರಿ ಚುನಿಯೂ ಬರೀ ಹೊಟ್ಟಲ್ಲ, ಅದರಲ್ಲಿ ಒಡೆದ ಬೇಳೆ ಇರುತ್ತದೆ. ಅದೂ ಈಗ ಬೇಡ.

ಹುಲ್ಲನ್ನು ಕೊಡುವ ಮೊದಲು ತಣ್ಣೀರಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಮುಳುಗಿಸಿಡಿ. ಹುಲ್ಲಿನ ಸಕ್ಕರೆ ಒಂದಿಷ್ಟು ನೀರಿಗೆ ಬಿಡುತ್ತದೆ. ಎತ್ತಿದಮೇಲೆ ನೋಡಿ, ನೀರು ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಆ ನೀರು ಕುಡಿಸಬೇಡಿ, ಗಿಡಕ್ಕೆ ಚೆಲ್ಲಿ. ರಾತ್ರಿಯೆಲ್ಲ ನೆನೆಸಿದರೆ ಇನ್ನೂ ಒಳ್ಳೆಯದಲ್ವಾ ಅಂದರೆ, ನಮ್ಮ ಸೆಕೆಗೆ ಅಲ್ಲ. ಹುಳಿ ಬಂದು ಬೂಷ್ಟು ಹಿಡಿಯುತ್ತದೆ. ನೆನೆಸಿದ್ದನ್ನು ಆಗಲೇ ತಿನ್ನಿಸಿ ಮುಗಿಸಿ. ತೂಕ ಮಾತ್ರ ನೆನೆಸುವ ಮೊದಲು ನೋಡಬೇಕು.

6 ಕೆಜಿಯನ್ನು ಎರಡು ಹೊತ್ತಿಗೆ ಹಾಕಿದರೆ ಎರಡು ತಾಸಿನಲ್ಲಿ ಮುಗಿಸಿ ಗೋಡೆ ಕಡಿಯುತ್ತಾ ನಿಲ್ಲುತ್ತದೆ. ಕುದುರೆಯ ಹೊಟ್ಟೆ ಸಣ್ಣದು, ಆದರೆ ಹುಟ್ಟುಗುಣದಲ್ಲಿ ದಿನಕ್ಕೆ ಹದಿನಾಲ್ಕು ಹದಿನೈದು ತಾಸು ಮೇಯುವ ಪ್ರಾಣಿ. ಜಠರದಲ್ಲಿ ಆಮ್ಲ ಬರುತ್ತಲೇ ಇರುತ್ತದೆ, ಮೇವು ಇರಲಿ ಬಿಡಲಿ. ಬಹಳ ಹೊತ್ತು ಖಾಲಿ ಬಿಟ್ಟರೆ ಹುಣ್ಣಾಗುತ್ತದೆ. ಅದಕ್ಕೆ ನಾಲ್ಕೈದು ಪಾಲು ಮಾಡಿ, ರಾತ್ರಿಯದ್ದು ಸ್ವಲ್ಪ ದೊಡ್ಡದಿರಲಿ. ಒಂದು ಇಂಚಿನಷ್ಟು ಕಣ್ಣಿರುವ ನೈಲಾನ್ ಬಲೆಯಲ್ಲಿ ತುಂಬಿ ಕಟ್ಟಿ. ಎಳೆದೆಳೆದು ತಿನ್ನಲು ಹೊತ್ತು ಹಿಡಿಯುತ್ತದೆ. ಲಾಳ ಹೊಡೆದ ಕಾಲು ಬಲೆಗೆ ಸಿಗದಷ್ಟು ಎತ್ತರಕ್ಕೆ ಕಟ್ಟಿ.

ಬೂಸಾ ಬಗ್ಗೆ ಕೆಲವರು ಬೇಸರ ಮಾಡಿಕೊಳ್ಳುತ್ತಾರೆ, ಅದು ಹಗುರ ಅಲ್ವಾ ಅಂತ. ಹಗುರ ಇರುವುದು ಕೈಗೆ ಮಾತ್ರ. ಅದರಲ್ಲಿ ಪಿಷ್ಟವೂ ಇದೆ, ರಂಜಕವಂತೂ (ಫಾಸ್ಫರಸ್) ಸುಣ್ಣಕ್ಕಿಂತ (ಕ್ಯಾಲ್ಸಿಯಂ) ಎಷ್ಟೋ ಪಟ್ಟು ಜಾಸ್ತಿ. ವರ್ಷಗಟ್ಟಲೆ ಜಾಸ್ತಿ ಬೂಸಾ ತಿಂದ ಕುದುರೆಯ ಮೈ ಸುಣ್ಣದ ಕೊರತೆ ತುಂಬಲು ತನ್ನ ಮೂಳೆಯಿಂದಲೇ ಕಡ ತೆಗೆಯುತ್ತದೆ. ಮುಖದ ಮೂಳೆ ಊದಿ ತಲೆ ದೊಡ್ಡದಾಗಿ ಕಾಣುತ್ತದೆ. ಹಿಂದೆ ಗಿರಣಿಯವರ ಕುದುರೆಗಳಿಗೆ ಬರುತ್ತಿದ್ದ ರೋಗ ಅದು. ಬೂಸಾದ ಬದಲು ಒಣಗಿಸಿದ ಲೂಸರ್ನ್ ದಿನಕ್ಕೆ ಅರ್ಧ ಕೆಜಿ, ಆ 6 ಕೆಜಿಯ ಒಳಗೇ, ಕೊಡಬಹುದು. ಅದರಲ್ಲಿ ಸುಣ್ಣವೂ ಇದೆ, ಪ್ರೋಟೀನೂ ಇದೆ. ಲೂಸರ್ನ್‌ಗೆ ನಮ್ಮಲ್ಲಿ ಕುದುರೆ ಮಸಾಲೆ ಅಂತಲೇ ಹೆಸರು. ಹೆಸರು ಇಟ್ಟವರಿಗೆ ಪ್ರಮಾಣವೂ ಗೊತ್ತಿತ್ತು ಅನಿಸುತ್ತದೆ, ಮಸಾಲೆಯಷ್ಟೇ ಹಾಕಬೇಕು. ಜತೆಗೆ ಎರಡು ಚಮಚ ಉಪ್ಪು, ವೈದ್ಯರು ಬರೆದುಕೊಡುವ ಕುದುರೆಯ ಖನಿಜ ಮಿಶ್ರಣ. ನೆನೆಸಿದ ಹುಲ್ಲಿನಲ್ಲಿ ಖನಿಜವೂ ಹೋಗಿರುತ್ತದೆ. ಇದನ್ನು ತಿನ್ನಿಸಲು ಬೆಲ್ಲ ಬೇಡ, ಒಂದು ಹಿಡಿ ಒದ್ದೆ ಹುಲ್ಲಿನ ಚೂರಿಗೆ ಕಲಸಿ.

ದನದ, ಕೋಳಿಯ ಸಿದ್ಧ ಆಹಾರವನ್ನು ಯಾವ ಕುದುರೆಗೂ ಹಾಕಬೇಡಿ. ಅಂಥ ಕೆಲವು ಆಹಾರದಲ್ಲಿ ಮೊನೆನ್ಸಿನ್ ಅನ್ನುವ ಔಷಧ ಬೆರೆಸಿರುತ್ತಾರೆ. ದನ ತಾಳುತ್ತದೆ. ಕುದುರೆಯ ಹೃದಯ ತಾಳುವುದಿಲ್ಲ, ಸ್ವಲ್ಪಕ್ಕೇ ಸಾಯುತ್ತದೆ.

ಉಪವಾಸ ಬೇಡ ಅಂತ ಅಷ್ಟು ಗಟ್ಟಿಯಾಗಿ ಹೇಳಿದ್ದು ಪುಸ್ತಕ ಓದಿ ಅಲ್ಲ. ನಾನು ಪಶುವೈದ್ಯನಾಗಿ ಕೆಲಸಕ್ಕೆ ಸೇರಿದ ಹೊಸತು. ಯಾದಗಿರಿ ಕಡೆಯ ಒಂದು ಹಳ್ಳಿಯಲ್ಲಿ ದುಂಡಗಿನ ಒಂದು ಪೋನಿ, ಗಬ್ಬ ಬೇರೆ. ಕಾಲು ನೋವು ಅಂತ ಕರೆದರು. ಬೊಜ್ಜು ಕಂಡಿತು. ನಾಲ್ಕು ದಿನ ಮೇವು ಬಿಗಿ ಹಿಡಿಯಿರಿ, ನೀರು ಮಾತ್ರ ಸಾಕು ಅಂದೆ. ದೊಡ್ಡ ಡಾಕ್ಟರ ಗತ್ತಿನಲ್ಲಿ ಹೇಳಿದ್ದೆ. ಮನೆಯವರು ಚಾಚೂತಪ್ಪದೆ ಮಾಡಿದರು. ನಾಲ್ಕನೇ ದಿನ ಹುಲ್ಲು ಮುಂದಿಟ್ಟರೂ ಮೂಸಿ ನೋಡಲಿಲ್ಲ. ರಕ್ತ ತೆಗೆದು ಗಾಜಿನ ಕೊಳವೆಯನ್ನು ಕಿಟಕಿಯ ಮೇಲೆ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಕೆಂಪು ಕೆಳಗಿಳಿಯಿತು. ಮೇಲೆ ಒಣಹುಲ್ಲಿನ ಬಣ್ಣದ ತಿಳಿನೀರು ಬರಬೇಕಿತ್ತು. ಬಂದದ್ದು ಮಜ್ಜಿಗೆಯ ಹಾಗೆ ಬೆಳ್ಳಗಿತ್ತು. ಊಟ ನಿಂತದ್ದೇ ತಡ, ಮೈಯ ಕೊಬ್ಬೆಲ್ಲ ಒಮ್ಮೆಲೇ ಕರಗಿ ರಕ್ತಕ್ಕೆ ಇಳಿದಿತ್ತು. ಯಕೃತ್ತಿಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಪೋನಿ ಉಳಿಯಲಿಲ್ಲ, ಹೊಟ್ಟೆಯಲ್ಲಿದ್ದ ಮರಿಯೂ ಇಲ್ಲ. ಮನೆಯವರು ನನ್ನನ್ನು ಬೈಯಲಿಲ್ಲ. ಬಂದದ್ದಕ್ಕೆ ಚಹಾ ಕೊಟ್ಟರು.

ಹಾಗಾಗಿ ವೈದ್ಯರ ಕಣ್ಣೆದುರು ಇಲ್ಲದೆ ಒಂದೂವರೆ ಪಾಲಿಗಿಂತ ಕೆಳಗೆ ಇಳಿಯಬೇಡಿ. ಪೋನಿ, ಕತ್ತೆ, ಗಬ್ಬದ ಕುದುರೆಗಳಲ್ಲಂತೂ ಈ ಅಪಾಯ ಇನ್ನೂ ಜಾಸ್ತಿ. ವಾರಕ್ಕೆ ಎರಡರಿಂದ ಮೂರೂವರೆ ಕೆಜಿ ಇಳಿದರೆ ಸಾಕು. ಒಂದೂವರೆ ತಿಂಗಳಾದರೂ ಹಗ್ಗದ ಗುರುತು ಜರುಗದಿದ್ದರೆ ವೈದ್ಯರ ಜತೆ ಕೂತು ಸ್ವಲ್ಪ ಕಡಿಮೆ ಮಾಡಬಹುದು. ಕುದುರೆ ಮಂಕಾಗಿ ಮೇವು ಬಿಟ್ಟರೆ ಅದೇ ದಿನ ಫೋನ್ ಮಾಡಿ, ನಾಳೆ ನೋಡೋಣ ಅನ್ನಬೇಡಿ.

ಪರೀಕ್ಷೆಯ ವಿಷಯ ಚುಟುಕಾಗಿ. ವೈದ್ಯರು ಬಂದಾಗ ಗೊರಸಿನ ಎಕ್ಸ್‌ರೇ ಕೇಳಿ, ಮೂಳೆ ತಿರುಗಿದೆಯೋ ಇಲ್ಲವೋ ಅದರಲ್ಲೇ ತಿಳಿಯುವುದು. ನೋವು ಇಳಿದಮೇಲೆ ಇನ್ಸುಲಿನ್ ನೋಡಬೇಕು. ನೋವಿದ್ದಾಗ ನೋಡಿದರೆ ಅದು ಸುಮ್ನೆ ಏರಿರಬಹುದು. ಲೆಕ್ಕದಂತೆ ಗ್ಲೂಕೋಸ್ ಪುಡಿ ತಿನ್ನಿಸಿ ಎರಡು ಗಂಟೆಗೆ ರಕ್ತ ತೆಗೆಯುವ ವಿಧಾನ ಒಳ್ಳೆಯದು. ಮನುಷ್ಯರ ಲ್ಯಾಬಿನ ಎಲ್ಲ ಕಿಟ್‌ಗಳೂ ಕುದುರೆಯ ಇನ್ಸುಲಿನ್ ಹಿಡಿಯುವುದಿಲ್ಲ. ಎಲ್ಲಿಗೆ ಕಳಿಸಬೇಕು ಅಂತ ನಿಮ್ಮ ವೈದ್ಯರು ಬೀದರಿನ ನಂದಿನಗರದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಲಿ. ಕುದುರೆ ಹೋಗುವುದು ಬೇಡ, ರಕ್ತ ಹೋದರೆ ಸಾಕು. ಹದಿನೈದು ದಾಟಿದ ಕುದುರೆಯಾಗಿದ್ದರೆ, ಬೇಸಿಗೆಯಲ್ಲೂ ಉದ್ದ ಕೂದಲು ಉದುರದಿದ್ದರೆ ಇನ್ನೊಂದು ಗ್ರಂಥಿಯ ಕಾಯಿಲೆಯನ್ನೂ ನೋಡಬೇಕಿತ್ತು. ನಿಮ್ಮದಕ್ಕೆ ಸದ್ಯ ಅದು ಎರಡನೇ ಅನುಮಾನ. ಅಪ್ಪನ ಮಾತ್ರೆ ಕೊಡಬೇಡಿ. ಮೆಟ್‌ಫಾರ್ಮಿನ್ ಕುದುರೆಯ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದೇ ಇಲ್ಲ. ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆ ಯಾರಾದರೂ ಮಾತೆತ್ತಿದರೆ ಇದು ಇನ್ಸುಲಿನ್ ತೊಂದರೆಯ ಕುದುರೆ ಅಂತ ಮೊದಲೇ ಹೇಳಿ.

ಬುಕಿಂಗ್ ವಿಷಯ ನಿಮಗೆ ಹಿಡಿಸುವುದಿಲ್ಲ. ಬಿಳಿ ಕುದುರೆಯ ಮೇಲೆ ತೆಗೆದುಕೊಂಡ ಮುಂಗಡ ವಾಪಸ್ ಕೊಡಿ. ತುಳಸಿ ಲಗ್ನಕ್ಕಂತೂ ಆಗದು. ನೋವು ಪೂರ್ತಿ ನಿಂತು, ಔಷಧ ಬಿಟ್ಟಮೇಲೂ ಚೆನ್ನಾಗಿ ನಡೆದು, ನಾಲ್‌ಬಂದ್ ಮತ್ತು ವೈದ್ಯರು ಇಬ್ಬರೂ ಹೂಂ ಅಂದಮೇಲೆ ಮೆತ್ತನೆ ಕರಿಮಣ್ಣಿನಲ್ಲಿ ವಾರಕ್ಕೆ ಮೂರು ದಿನ ಅರ್ಧ ಗಂಟೆಯ ನಡಿಗೆಯಿಂದ ಶುರು. ಡಾಂಬರು, ಮೊರಂ ರಸ್ತೆ ಆಮೇಲೆ. ಇಡೀ ಗೊರಸು ಹೊಸದಾಗಿ ಇಳಿಯಲು ಹತ್ತಿರ ಹತ್ತಿರ ವರ್ಷ ಹಿಡಿಯುತ್ತದೆ. ಈ ಸೀಸನ್ ದುಡಿಸಿದರೆ ಮುಂದಿನ ಸೀಸನ್ನಿಗೆ ಕುದುರೆಯೇ ಇರಲಿಕ್ಕಿಲ್ಲ. ಮುಂದಿನ ವರ್ಷ ಕೆಲಸಕ್ಕೆ ಬಂದಾಗಲೂ ಬೆಲ್ಲ ಬೇಡ. ಕಡಲೆ ಬೇಕೇಬೇಕಾದರೆ ಕೆಲಸವಿದ್ದ ದಿನ ಮಾತ್ರ, ಅದೂ ವೈದ್ಯರನ್ನು ಕೇಳಿ. ಮಳೆಗಾಲದಲ್ಲಿ ಹೊಲಕ್ಕೆ ಬಿಡುವುದಾದರೆ ಬೆಳಗಿನ ಜಾವ ಸ್ವಲ್ಪ ಹೊತ್ತು, ಬಾಯಿಕುಕ್ಕೆ ಹಾಕಿ. ಎಡೆ ಹೊಡೆಯುವಾಗ ಎತ್ತಿಗೆ ಕಟ್ಟುತ್ತೇವಲ್ಲ, ಅದೇ. ತಳದಲ್ಲಿ ಹುಲ್ಲಿನ ತುದಿ ತೂರುವಷ್ಟು ಒಂದು ತೂತು ಇರಲಿ, ನೀರು ಕುಡಿಯಲು ಆಗಬೇಕು. ಸಂಜೆಯ ಹುಲ್ಲಿನಲ್ಲಿ ಇಡೀ ದಿನದ ಬಿಸಿಲಿನ ಸಕ್ಕರೆ ತುಂಬಿರುತ್ತದೆ, ಬೆಳಗಿನ ಹೊತ್ತಿಗೆ ಅದು ಇಳಿದಿರುತ್ತದೆ. ಒಣಗಿಸಲು ಹುಲ್ಲು ಕೊಯ್ಯುವವರೂ ಬೆಳಿಗ್ಗೆಯೇ ಕೊಯ್ಯಲಿ.

ಇನ್ನು ಆ ತೆಳ್ಳನೆಯ ಗಂಡು. ಅದರ ಬುಟ್ಟಿ ಬೇರೆ, ಕಟ್ಟುವ ಜಾಗ ಬೇರೆ ಮಾಡಿ. ಇಲ್ಲದಿದ್ದರೆ ಬಿಳಿಯದು ತನ್ನದು ಮುಗಿಸಿ ಅದರದ್ದಕ್ಕೆ ಬಾಯಿ ಹಾಕುತ್ತದೆ. ಇಷ್ಟು ಕಡಲೆ ತಿಂದೂ ಮೈ ಹಿಡಿಯದ ಕುದುರೆಗೆ ದಾಣಿ ಹೆಚ್ಚಿಸುವ ಮೊದಲು ಬಾಯಿ ತೆರೆಸಿ ದವಡೆ ಹಲ್ಲು ತೋರಿಸಿ, ಸಗಣಿ ಪರೀಕ್ಷೆ ಮಾಡಿಸಿ ಹುಳು ಇದೆಯಾ ನೋಡಿ. ಸಗಣಿಯಲ್ಲಿ ಇಡೀ ಕಡಲೆ ಹಾಗೇ ಬೀಳುತ್ತಿದ್ದರೆ ಮೊದಲು ಹಲ್ಲನ್ನೇ ನೋಡಿಸಿ.